ಪೂರ್ತಿ ನಿದ್ದೆಯೋ, ಅರೆನಿದ್ದೆಯೋ

ಶಿವಾಜಿನಗರ
22 ಜೂನ್ 2024

ರಿಮ್ಶಾಗೆ ಸಲಾಂ.

ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ಇದು ಯಾರದ್ದು ಅಂತ ನಿನಗೆ ಗೊತ್ತಾಗಿರುತ್ತೆ. ಆದರೂ ಒಡೆದಿದ್ದೀಯ, ಸಂತೋಷ. ನೀನು ಕೋಲಾರದ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿದ್ದೀಯ ಅಂತ ನಿನ್ನ ಚಿಕ್ಕಮ್ಮ, ಬದ್ರುನ್ನೀಸಾ ಖಾಲಾ, ರಸೆಲ್ ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಹೇಳಿದರು. ಫೋನ್ ನಂಬರ್ ಅವರು ಕೊಡಲಿಲ್ಲ, ನಾನೂ ಕೇಳಲಿಲ್ಲ.

ನಾಲ್ಕು ವರ್ಷ ಸೊಸೆಯಾಗಿದ್ದು, ತಾನಾಗಿ ಕೇಳಿ ಖುಲಾ ವಿಚ್ಛೇದನ ತಗೊಂಡು ಮನೆ ಬಿಟ್ಟು ಹೋದವಳಿಗೆ ಮೂರೂವರೆ ವರ್ಷದ ಮೇಲೆ ಅತ್ತೆ ಕಾಗದ ಬರೆಯುತ್ತಾಳೆ ಅಂದರೆ ಅವಳಿಗೆ ಏನೋ ಗರಜು ಬಿದ್ದಿದೆ ಅಂತಲೇ ಅರ್ಥ. ಸುತ್ತಿ ಬಳಸಿ ಹೇಳುವುದಿಲ್ಲ.

ಫೆಬ್ರವರಿಯಿಂದ ನನ್ನ ಎದೆಬಡಿತದ ಲಯ ತಪ್ಪಿದೆ. ಶಾಲೆ ಶುರುವಾದ ಮೊದಲ ದಿನ ಒಂದನೇ ಕ್ಲಾಸಿನ ಮಕ್ಕಳಿಗೆ ಡ್ರಿಲ್ ಮಾಡಿಸಿದ ಹಾಗೆ, ಒಬ್ಬೊಬ್ಬ ಒಂದೊಂದು ಕಡೆ ಹೆಜ್ಜೆ ಹಾಕುತ್ತಾನೆ. ಎರಡು ಮೆಟ್ಟಿಲು ಹತ್ತಿದರೆ ಕೂರಬೇಕು. ಮಾತ್ರೆಗೆ ಬಗ್ಗಲಿಲ್ಲ. ಇಂದಿರಾನಗರದ ಆಸ್ಪತ್ರೆಯ ಹೃದಯದ ಡಾಕ್ಟರು ಅಬ್ಲೇಶನ್ ಮಾಡಿಸಿ ಅಂದಿದ್ದಾರೆ. ತೊಡೆಯ ರಕ್ತನಾಳದಿಂದ ತಂತಿ ಏರಿಸಿ, ಹೃದಯದಲ್ಲಿ ತಪ್ಪು ಸಂಕೇತ ಹುಟ್ಟುವ ಜಾಗವನ್ನು ಸುಟ್ಟುಬಿಡುತ್ತಾರಂತೆ. ಎದೆ ಸೀಳುವುದಿಲ್ಲ. ಆಗಸ್ಟ್ 21ಕ್ಕೆ ದಿನ ಕೊಟ್ಟಿದ್ದಾರೆ.

ಒಂದು ಫಾರಂ ಕೊಟ್ಟಿದ್ದಾರೆ. ಪೂರ್ತಿ ಅರಿವಳಿಕೆಯೋ, ಅರೆನಿದ್ದೆಯ ಇಂಜೆಕ್ಷನ್ನೋ ಅಂತ ಅದರಲ್ಲಿ ಎರಡು ಚೌಕ. ಜೀಶಾನ್‌ಗೆ ಕೇಳಿದರೆ "ಡಾಕ್ಟರ್ ಹೇಳಿದ್ದಕ್ಕೆ ಟಿಕ್ ಹಾಕಿ ಅಮ್ಮಿ" ಅನ್ನುತ್ತಾನೆ. ಡಾಕ್ಟರಿಗೆ ಕೇಳಿದರೆ "ಎರಡೂ ಮಾಡ್ತೀವಿ, ಅರಿವಳಿಕೆ ಡಾಕ್ಟರ್ ನೋಡ್ತಾರೆ, ನಿಮ್ಮ ಮನಸ್ಸಲ್ಲಿ ಏನಿದೆ ಹೇಳಿ" ಅನ್ನುತ್ತಾರೆ. ನಾನು ಪೆನ್ಸಿಲ್ಲಿನಲ್ಲಿ ಅರೆನಿದ್ದೆಗೆ ಟಿಕ್ ಹಾಕಿ, ಅಳಿಸಿ, ಮತ್ತೆ ಹಾಕಿದ್ದೇನೆ.

ಯಾವುದು ಸರಿ ಅಂತ ನೀನು ಒಂದು ಸಾಲು ಬರೆದರೆ ಸಾಕು. ಈ ಮನೆಯಲ್ಲಿ ಕನ್ನಡ ಓದುತ್ತಿದ್ದವರು ನಾವಿಬ್ಬರೇ. ಜೀಶಾನ್‌ಗೆ ಬಸ್ಸಿನ ಬೋರ್ಡು ಮಾತ್ರ ಬರುತ್ತೆ. ಹಾಗಾಗಿ ಧೈರ್ಯವಾಗಿ ಬರೆ.

ಇಂತಿ,
ಉಮ್ಮೆ ಕುಲ್ಸುಂ


ಕೋಲಾರ
10 ಜುಲೈ 2024

ಉಮ್ಮೆ ಕುಲ್ಸುಂ ಟೀಚರ್ ಅವರಿಗೆ,

ಕಾಗದ ಬಂದು ಎರಡು ವಾರ ಆಯ್ತು. ಉತ್ತರ ಬರೆಯೋದು ಬೇಡ ಅಂತಲೇ ಇದ್ದೆ. ಒಬ್ಬ ಪೇಷೆಂಟ್ ಕೇಳಿದ್ದಾರೆ ಅಂದ್ಕೊಂಡು ಬರೀತಿದ್ದೀನಿ.

ಅರೆನಿದ್ದೆಯಲ್ಲಿ ನೀವೇ ಉಸಿರಾಡ್ತೀರಿ, ಗಂಟಲಿಗೆ ಟ್ಯೂಬ್ ಹಾಕಲ್ಲ, ಬೇಗ ಎದ್ದು ಕೂರಬಹುದು. ಆದರೆ ಎರಡು ಮೂರು ಗಂಟೆ ಅಲ್ಲಾಡದೆ ಮಲಗಬೇಕು. ನೀವು ಕೆಮ್ಮಿದ್ರೆ, ಮಗ್ಗುಲು ಬದಲಿಸಿದ್ರೆ ಒಳಗಿರೋ ತಂತಿ ಜಾಗ ಬಿಡುತ್ತೆ. ಪೂರ್ತಿ ಅರಿವಳಿಕೆಯಲ್ಲಿ ಉಸಿರನ್ನ ಮೆಷಿನ್ ನೋಡ್ಕೊಳ್ಳುತ್ತೆ, ಮೈ ಅಲುಗಲ್ಲ, ಡಾಕ್ಟರಿಗೆ ಕೆಲಸ ಸಲೀಸು. ಎದ್ದ ಮೇಲೆ ಗಂಟಲು ಕೆರೆತ, ಸ್ವಲ್ಪ ವಾಂತಿ ಬಂದ ಹಾಗೆ ಆಗಬಹುದು. ಎರಡನ್ನೂ ದಿನಾ ಮಾಡ್ತಾರೆ. ಒಂದು ಎಲ್ಲರಿಗೂ ಒಳ್ಳೇದು, ಇನ್ನೊಂದು ಎಲ್ಲರಿಗೂ ಕೆಟ್ಟದ್ದು ಅಂತೇನಿಲ್ಲ. ಪೇಷೆಂಟ್ ಯಾರು ಅನ್ನೋದರ ಮೇಲೆ ಹೋಗುತ್ತೆ.

ನಿಮಗೆ ಗೊರಕೆ ಇದೆ. ಮಧ್ಯದಲ್ಲಿ ಉಸಿರು ನಿಂತುಹೋಗಿ, ಆಮೇಲೆ ಜೋರಾಗಿ ಎಳೀತೀರಿ. ನಾನು ಎದ್ದು ಬಂದು ಎಷ್ಟೋ ಸಲ ನಿಮ್ಮನ್ನ ಮಗ್ಗುಲಾಗಿಸಿದ್ದೀನಿ. ನಿಮಗೆ ಗೊತ್ತಿಲ್ಲ. ಅಂಥವರಿಗೆ ಅರೆನಿದ್ದೆ ಕೊಟ್ಟರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟೋ ಸಾಧ್ಯತೆ ಜಾಸ್ತಿ. ಇದನ್ನ ಅಲ್ಲಿನ ಡಾಕ್ಟರಿಗೆ ಖಂಡಿತ ಹೇಳಿ. ನಿದ್ದೆಯ ಟೆಸ್ಟ್ ಮಾಡಿಸ್ತಾರೆ.

ಒಂದು ಪ್ರಶ್ನೆ. 2009ರಲ್ಲಿ ನಿಮಗೆ ಪಿತ್ತಕೋಶದ ಆಪರೇಷನ್ ಆಗಿತ್ತಲ್ಲ. ಆಗ ಅರಿವಳಿಕೆಯಿಂದ ಏನಾದ್ರೂ ತೊಂದ್ರೆ ಆಗಿತ್ತಾ? ಇದಕ್ಕೆ ಮಾತ್ರ ಉತ್ತರ ಬರೀರಿ. ಬೇರೆ ವಿಷಯ ಬೇಡ.

ಡಾ. ರಿಮ್ಶಾ


ಶಿವಾಜಿನಗರ
16 ಜುಲೈ 2024

ರಿಮ್ಶಾ,

ನೀನು 'ಸಾಧ್ಯತೆ'ಯನ್ನು ಅಲ್ಪಪ್ರಾಣದಲ್ಲಿ ಬರೆದು, ಆಮೇಲೆ ಹೊಡೆದು ತಿದ್ದಿದ್ದೀಯ. ನೋಡಿ ನಗು ಬಂತು. ಬೇರೆ ವಿಷಯ ಬೇಡ ಅಂದಿದ್ದೀಯ. ಇದು ವ್ಯಾಕರಣ, ಬೇರೆ ವಿಷಯವಲ್ಲ.

ಕೇಳಿದ್ದಕ್ಕೆ ಉತ್ತರ: ಹೌದು, ತೊಂದರೆ ಆಗಿತ್ತು.

ಆ ಆಪರೇಷನ್ ಆದದ್ದು ಈಗ ಮುಚ್ಚಿಹೋಗಿರುವ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಇಂಜೆಕ್ಷನ್ ಕೊಟ್ಟರು, ಕಣ್ಣು ಮುಚ್ಚಿತು. ಎಷ್ಟು ಹೊತ್ತಾದ ಮೇಲೋ ಗೊತ್ತಿಲ್ಲ, ಕಿವಿ ತೆರೆಯಿತು. ಕಿವಿ ಮಾತ್ರ. ರೆಪ್ಪೆ ಎತ್ತಲು ಆಗಲಿಲ್ಲ. ಕಿರುಬೆರಳು ಅಲುಗಿಸಲು ನೋಡಿದೆ, ಅದು ನನ್ನ ಬೆರಳೇ ಅಲ್ಲವೇನೋ ಅನ್ನುವ ಹಾಗೆ ಬಿದ್ದಿತ್ತು. ಹೊಟ್ಟೆಯೊಳಗೆ ಯಾರೋ ಕೈಹಾಕಿ ಎಳೆಯುತ್ತಿದ್ದರು. ನೋವು ಅಷ್ಟೊಂದು ಇರಲಿಲ್ಲ, ಆ ಎಳೆತ ಇತ್ತು. ಒಬ್ಬ ಡಾಕ್ಟರು ಇನ್ನೊಬ್ಬರಿಗೆ ತಂಗಿಯ ಮದುವೆ ಹೊಸಕೋಟೆ ಛತ್ರದಲ್ಲಿ, ಅಡಿಗೆಯವರು ಮಾಲೂರಿನವರು ಅಂತ ಹೇಳುತ್ತಿದ್ದರು. 'ನಾನು ಎಚ್ಚರವಾಗಿದ್ದೇನೆ' ಅಂತ ಒಳಗೊಳಗೇ ಕೂಗಿದೆ. ಇದೇ ಕೊನೆ ಅಂದುಕೊಂಡು ಕಲ್ಮಾ ಹೇಳಿಕೊಂಡೆ. ಮುಗಿಯುವಷ್ಟರಲ್ಲಿ ಮತ್ತೆ ಕತ್ತಲಾಯಿತು.

ಮಾರನೆಯ ದಿನ ನಿನ್ನ ಮಾವನವರಿಗೆ ಹೇಳಿದೆ. "ಮದ್ದಿನ ಅಮಲು, ಕನಸು ಬಿದ್ದಿರುತ್ತೆ" ಅಂದರು. ನರ್ಸು ನಕ್ಕಳು. ರೌಂಡ್ಸಿಗೆ ಬಂದ ಆ ಡಾಕ್ಟರನ್ನು ನಾನೇ ಕೇಳಿದೆ: "ತಂಗಿ ಮದುವೆ ಹೊಸಕೋಟೆಯಲ್ಲಾ, ಸಾರ್?" ಅವರ ಮುಖ ಬಿಳುಚಿತು. "ಯಾರು ಹೇಳಿದ್ರು?" ಅಂದರು. ಆಮೇಲೆ ಅವರು ನನ್ನ ವಾರ್ಡಿಗೆ ಬರಲೇ ಇಲ್ಲ.

ಹದಿನೈದು ವರ್ಷದಲ್ಲಿ ಇನ್ನು ಯಾರಿಗೂ ಹೇಳಿರಲಿಲ್ಲ. ಹೇಳಿ ಹುಚ್ಚಿ ಅನ್ನಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಮೇಲು ಅನ್ನಿಸಿತ್ತು. ನನಗೆ ಸಾವಿನ ಭಯವಿಲ್ಲ ರಿಮ್ಶಾ. ಎಚ್ಚರವಾಗಿದ್ದೂ ಹೇಳಲಾರದೆ ಬಿದ್ದಿರುವುದು ಇದೆಯಲ್ಲ, ಅದು ಇನ್ನೊಂದು ಸಲ ಬೇಡ. ಅದಕ್ಕೇ ಅರೆನಿದ್ದೆ ಅಂದೆ. ಅದರಲ್ಲಿ ಕೈಯಾದರೂ ಎತ್ತಬಹುದಲ್ಲ.

ಇಂತಿ,
ಉಮ್ಮೆ ಕುಲ್ಸುಂ


ಕೋಲಾರ
19 ಜುಲೈ 2024

ಟೀಚರ್,

ಕಾಗದ ಇವತ್ತು ಬಂತು, ಇವತ್ತೇ ಬರೀತಿದ್ದೀನಿ.

ಅದು ಕನಸಲ್ಲ. ನೀವು ಹೇಳಿದ್ದು ನಿಜ. ನಾನು ನಂಬ್ತೀನಿ. ಮೈ ಸಡಿಲಿಸೋ ಮದ್ದು ಪೂರ್ತಿ ಕೆಲಸ ಮಾಡ್ತಿರುತ್ತೆ, ನಿದ್ದೆಯ ಮದ್ದು ಮಾತ್ರ ಕಡಿಮೆ ಬಿದ್ದಿರುತ್ತೆ. ಆಗ ಹೀಗಾಗುತ್ತೆ. ಅಪರೂಪ, ಸಾವಿರದಲ್ಲಿ ಒಬ್ಬರಿಗೋ ಇಬ್ಬರಿಗೋ. ನಮ್ಮ ಪುಸ್ತಕದಲ್ಲಿ ಅದಕ್ಕೆ ಒಂದು ಹೆಸರಿದೆ, ಒಂದು ಅಧ್ಯಾಯವೇ ಇದೆ. ಆ ಡಾಕ್ಟರ ಮುಖ ಬಿಳುಚಿದ್ದು ಯಾಕೆ ಅಂತ ನನಗೆ ಗೊತ್ತು. ಅವರು ಕೂತು ನಿಮ್ಮ ಹತ್ತಿರ ಮಾತಾಡಬೇಕಿತ್ತು.

ಈಗ ನನ್ನ ಮಾತು ಕೇಳಿ. ಭಯದಿಂದ ಅರೆನಿದ್ದೆ ಆರಿಸ್ಕೋಬೇಡಿ. ನಿಮ್ಮ ಗೊರಕೆಗೆ, ನಿಮ್ಮ ಗಿಡ್ಡ ಕತ್ತಿಗೆ, ಎರಡು ಮೂರು ಗಂಟೆಯ ಕೆಲಸಕ್ಕೆ ಪೂರ್ತಿ ಅರಿವಳಿಕೆಯೇ ಕ್ಷೇಮ ಅಂತ ನನಗನಿಸುತ್ತೆ. ಆದರೆ ಹಿಂದೆ ಆದದ್ದು ಗೊತ್ತಿದ್ರೆ ಅದನ್ನ ತಡೆಯೋಕೆ ದಾರಿ ಇದೆ. ಹಣೆಗೆ ಒಂದು ಪಟ್ಟಿ ಅಂಟಿಸ್ತಾರೆ, ಮಿದುಳು ಎಷ್ಟು ಎಚ್ಚರವಾಗಿದೆ ಅನ್ನೋದನ್ನ ಅದು ಪರದೆ ಮೇಲೆ ನಂಬರಾಗಿ ತೋರಿಸುತ್ತೆ. ಮೈ ಸಡಿಲಿಸೋ ಮದ್ದನ್ನ ಬೇಕಾದಷ್ಟೇ ಕೊಡ್ತಾರೆ. ಆಗ ನಿದ್ದೆ ತಿಳಿಯಾದ್ರೆ ನಿಮ್ಮ ಮೈಯೇ ಅಲುಗಿ ಹೇಳುತ್ತೆ.

ಕೊನೇ ತೀರ್ಮಾನ ನಿಮ್ಮನ್ನ ಕಣ್ಣಾರೆ ನೋಡೋ ಡಾಕ್ಟರದ್ದು, ನನ್ನದಲ್ಲ. ಅಲ್ಲಿ ಡಾ. ಲಕ್ಷ್ಮಿಕಾಂತ ಅಂತ ಇದ್ದಾರೆ, ನನ್ನ ಸೀನಿಯರ್. ಅವರಿಗೆ ಬರೆದಿದ್ದೀನಿ. ನನಗೆ ಹೇಳಿದ ಹಾಗೇ ಅವರಿಗೂ ಹೇಳಿ. ಮದುವೆ, ಹೊಸಕೋಟೆ, ಎಲ್ಲಾ.

ಹೇಳಿದ್ದನ್ನ ಯಾರೂ ನಂಬದೇ ಇದ್ರೆ ಹೇಗಿರುತ್ತೆ ಅಂತ ನನಗೂ ಸ್ವಲ್ಪ ಗೊತ್ತಿದೆ. ಅಷ್ಟು ಸಾಕು.

ರಿಮ್ಶಾ


ಶಿವಾಜಿನಗರ
2 ಆಗಸ್ಟ್ 2024

ರಿಮ್ಶಾ ಬೇಟಾ,

ನಿನ್ನೆ ಲಕ್ಷ್ಮಿಕಾಂತ ಡಾಕ್ಟರನ್ನು ನೋಡಿ ಬಂದೆ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಅರ್ಧ ಗಂಟೆ ಕೇಳಿದರು. ನಡುವೆ ಒಂದು ಸಲ ಮಾತ್ರ ಬಾಯಿ ಹಾಕಿದರು: "ಆಮೇಲೆ ಅವರು ಸಾರಿ ಅಂತಾದ್ರೂ ಅಂದ್ರಾ, ಅಮ್ಮ?" ಇಲ್ಲ ಅಂದೆ. "ಅವರ ಪರವಾಗಿ ನಾನು ಹೇಳ್ತೀನಿ, ಸಾರಿ" ಅಂದರು. ಹದಿನೈದು ವರ್ಷದ ಮೇಲೆ, ಆ ನರ್ಸಿಂಗ್ ಹೋಮಿಗೆ ಸಂಬಂಧವೇ ಇಲ್ಲದ ಒಬ್ಬರ ಬಾಯಲ್ಲಿ ಆ ಮಾತು ಬಂತು. ಕಣ್ಣು ಒರೆಸಿಕೊಳ್ಳಲು ಬುರ್ಖಾದ ತೋಳೇ ಸಿಕ್ಕಿದ್ದು.

ನಿದ್ದೆಯ ಟೆಸ್ಟೂ ಆಯಿತು. ಗಂಟೆಗೆ ಇಪ್ಪತ್ತೆಂಟು ಸಲ ಉಸಿರು ಕಟ್ಟುತ್ತದಂತೆ. ನೀನು ಎದ್ದು ಬಂದು ಮಗ್ಗುಲಾಗಿಸುತ್ತಿದ್ದೆ ಅಂತ ಬರೆದಿದ್ದೆಯಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಫಾರಂ ತುಂಬಿದೆ. ಪೂರ್ತಿ ನಿದ್ದೆ. ಪೆನ್ಸಿಲ್ಲಿನಲ್ಲಲ್ಲ, ಪೆನ್ನಿನಲ್ಲಿ.

ಈಗ ಬೇರೆ ವಿಷಯ. ನೀನು ಬೇಡ ಅಂದಿದ್ದರೂ ಬರೆಯುತ್ತಿದ್ದೇನೆ. ಬೇಕಾದರೆ ಇಲ್ಲಿಗೇ ಹರಿದುಹಾಕು.

2019ರ ನವೆಂಬರ್, ಶುಕ್ರವಾರ. ಡ್ಯೂಟಿ ಮುಗಿಸಿ ಬಂದು ನೀನು ಸ್ನಾನಕ್ಕೆ ಹೋಗಿದ್ದೆ. ನಾನು ಊಟವಾದ ಮೇಲೆ ಹಾಲಿನ ದಿವಾನದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದೆ. ನಿನ್ನ ಫೋನ್ ಬಡಿಯಿತು. ಜೀಶಾನ್ ಎತ್ತಿದ. ಚೆನ್ನೈ ಆಸ್ಪತ್ರೆಯಿಂದ, ಹೃದಯದ ಅರಿವಳಿಕೆಯ ಒಂದು ವರ್ಷದ ತರಬೇತಿಗೆ ನಿನ್ನನ್ನು ಆರಿಸಿದ್ದೇವೆ ಅಂತ. ಅವನು "ಆಕೆಗೆ ಈಗ ಇಂಟರೆಸ್ಟ್ ಇಲ್ಲ, ಮುಂದಿನವರಿಗೆ ಕೊಡಿ" ಅಂದ. ಫೋನ್ ಇಟ್ಟ. ಕರೆ ಬಂದದ್ದನ್ನೂ ಅಳಿಸಿದ.

ಎರಡು ವಾರದ ಮೇಲೆ ನೀನೇ ಅಲ್ಲಿಗೆ ಫೋನ್ ಮಾಡಿದಾಗ ಸೀಟು ಬೇರೆಯವರಿಗೆ ಹೋಗಿತ್ತು. ನನ್ನ ಫೋನ್ ಎತ್ತಿ ನೀವೇ ಬೇಡ ಅಂದಿದ್ದೀರಿ ಅಂತ ನೀನು ಅವನಿಗೆ ಅಂದೆ. ಜೀಶಾನ್ "ಯಾವ ಫೋನೂ ಬಂದಿಲ್ಲ" ಅಂದ. ನೀನು ನನ್ನ ಕಡೆ ತಿರುಗಿ ಕೇಳಿದೆ: "ನೀವು ಹಾಲಲ್ಲೇ ಇದ್ರಲ್ಲ ಅಮ್ಮಿ, ಕೇಳಿಸ್ಲಿಲ್ವಾ?" ನಾನು "ನಿದ್ದೆ ಹತ್ತಿತ್ತಮ್ಮ" ಅಂದೆ.

ನಿದ್ದೆ ಹತ್ತಿರಲಿಲ್ಲ. ಒಂದೊಂದು ಮಾತೂ ಕೇಳಿತ್ತು. ಆವತ್ತು ನನಗೆ ಯಾರೂ ಮದ್ದು ಕೊಟ್ಟಿರಲಿಲ್ಲ. ಏಳಬಹುದಿತ್ತು, ಏಳಲಿಲ್ಲ.

ಮಗನ ಮರ್ಯಾದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ನೀನು ಒಂದು ವರ್ಷ ಚೆನ್ನೈಗೆ ಹೋಗುವುದು ನನಗೂ ಬೇಕಿರಲಿಲ್ಲ. ಸಂಜೆ ನಿನ್ನ ಜೊತೆ ಕೂತು ಪೇಪರ್ ಓದುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಅಷ್ಟು ಸಣ್ಣ ಆಸೆಗೆ ಅಷ್ಟು ದೊಡ್ಡ ಸುಳ್ಳು. ಆಮೇಲೆ ನೀನು ಹೋದಾಗ ಬಂಧುಗಳ ಮುಂದೆ "ಅವಳಿಗೆ ಎಲ್ಲದರಲ್ಲೂ ಅನುಮಾನ" ಅಂತ ಕೂಡ ಅಂದೆ.

ಕ್ಷಮೆ ಕೇಳಲು ನನಗೆ ಹಕ್ಕಿಲ್ಲ. ನೀನು ಆವತ್ತು ಹೇಳಿದ್ದೆಲ್ಲ ನಿಜವಾಗಿತ್ತು. ಅದನ್ನು ಬರವಣಿಗೆಯಲ್ಲಿ ಕೊಡಬೇಕಿತ್ತು, ಕೊಟ್ಟಿದ್ದೇನೆ.

ಉಮ್ಮೆ ಕುಲ್ಸುಂ


ಶಿವಾಜಿನಗರ
18 ಆಗಸ್ಟ್ 2024

ರಿಮ್ಶಾ,

ನಿನ್ನಿಂದ ಕಾಗದ ಬರಲಿಲ್ಲ. ಬರಬೇಕು ಅಂತ ನಿರೀಕ್ಷಿಸುವುದೂ ತಪ್ಪು.

ನಾಳಿದ್ದು ಸಂಜೆ ಅಡ್ಮಿಟ್ ಆಗುತ್ತೇನೆ. ನಿನಗೆ ಬರೆದದ್ದನ್ನು ನಿನ್ನೆ ಜೀಶಾನ್‌ಗೂ ಹೇಳಿದೆ. ಕನ್ನಡಕದ ಅಂಗಡಿಯಿಂದ ಊಟಕ್ಕೆ ಬಂದಿದ್ದ. "ಆವತ್ತು ಎಚ್ಚರ ಇದ್ದೆ ಬೇಟಾ" ಅಂದೆ. ಕಲಸಿದ ತುತ್ತು ಕೈಯಲ್ಲೇ ಉಳಿಯಿತು. ಕೈ ತೊಳೆದುಕೊಂಡು ಎದ್ದುಹೋದ. ಸಂಜೆ ಬಂದು ನನ್ನ ರಿಪೋರ್ಟುಗಳನ್ನೆಲ್ಲ ಒಂದು ಕವರಿಗೆ ಜೋಡಿಸಿಟ್ಟ.

ದುವಾದಲ್ಲಿ ನೆನೆಸಿಕೋ.

ಉಮ್ಮೆ ಕುಲ್ಸುಂ


ಕೋಲಾರ
25 ಆಗಸ್ಟ್ 2024

ಅಮ್ಮಿ,

ನೀವು ಮನೆಗೆ ಬಂದಿದ್ದೀರಿ, ತೊಡೆಯ ಗಾಯ ಒಣಗ್ತಿದೆ ಅಂತ ಲಕ್ಷ್ಮಿಕಾಂತ ಸರ್ ಮೆಸೇಜ್ ಮಾಡಿದ್ರು. ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಬರೀಬೇಕು.

ಆಗಸ್ಟ್ ಎರಡರ ಕಾಗದ ಓದಿ ನನಗೆ ತುಂಬಾ ಕೋಪ ಬಂತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಎಲ್ಲರ ಮೇಲೂ ರೇಗಿದೆ. ಐದನೇ ದಿನ ಪಾತ್ರೆ ತೊಳೀತಾ ನಿಂತಿದ್ದವಳು ಸುಮ್ಮನೆ ನಗೋಕೆ ಶುರುಮಾಡಿದೆ. ನನಗೆ ಹುಚ್ಚಿರಲಿಲ್ಲ! ಅದೊಂದು ಅನುಮಾನ ಅಷ್ಟು ವರ್ಷ ಒಳಗೇ ಕೂತಿತ್ತು. ಬಹುಶಃ ನಾನೇ ಕಲ್ಪಿಸ್ಕೊಂಡೆನೋ, ಒಳ್ಳೇ ಮನೆಯನ್ನ ನಾನೇ ಒಡೆದೆನೋ ಅಂತ.

21ನೇ ತಾರೀಕು ರಜೆ ಹಾಕಿ ಬೆಳಗಿನ ಬಸ್ಸು ಹಿಡಿದೆ. ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ಬೆನ್ನಿಗಾನಹಳ್ಳಿಯಿಂದ ಮೆಟ್ರೋದಲ್ಲಿ ಇಂದಿರಾನಗರಕ್ಕೆ ಬಂದೆ. ಒಳಗೆ ನಿಲ್ಲೋಕೆ ಸರ್ ಒಪ್ಪಿಗೆ ಕೊಡಿಸಿದ್ರು. ಟೋಪಿ, ಮಾಸ್ಕ್ ಹಾಕಿದ್ದರಿಂದ ನಿಮಗೆ ಗುರುತು ಸಿಗಲಿಲ್ಲ. ನಾನೂ ಮಾತಾಡಲಿಲ್ಲ, ಆ ಹೊತ್ತಲ್ಲಿ ನಿಮ್ಮ ಎದೆ ಇನ್ನೂ ಹೊಡ್ಕೊಳ್ಳೋದು ಬೇಡ ಅಂತ. ನೀವು ಸರ್‌ನ ಕೇಳಿದ್ರಿ: "ನಾನು ಎಚ್ಚರ ಆದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಅವರು ಪರದೆ ತೋರಿಸಿ "ಈ ನಂಬರ್ ಅರವತ್ತು ದಾಟೋಕೆ ನಾನು ಬಿಡಲ್ಲ ಅಮ್ಮ" ಅಂದ್ರು. ನೀವು ಬಿಸ್ಮಿಲ್ಲಾ ಅಂದ್ರಿ. ಅರ್ಧದಲ್ಲೇ ನಿದ್ದೆ ಬಂತು.

ಎರಡೂಮುಕ್ಕಾಲು ಗಂಟೆ ನಾನು ಆ ನಂಬರ್ ಬಿಟ್ಟು ಬೇರೇನೂ ನೋಡಲಿಲ್ಲ. ನಲವತ್ತೈದು, ನಲವತ್ತೆಂಟು, ನಲವತ್ಮೂರು. ಒಂದು ಸಲ ಐವತ್ತೊಂಬತ್ತಕ್ಕೆ ಏರಿತು. ನಾನು ಬಾಯಿ ತೆರೆಯೋ ಮೊದಲೇ ಸರ್ ಕೈ ಮದ್ದಿನ ಪಂಪಿನ ಮೇಲಿತ್ತು. ಆಚೆ ಕಡೆ ಹೃದಯದ ಡಾಕ್ಟರು ಒಂದೊಂದೇ ಜಾಗ ಸುಡ್ತಾ ಬಂದ್ರು. ಕೊನೆಗೆ ಲಯ ಕೂಡಿತು. ಅಲ್ಲಿವರೆಗೆ ಅಡ್ಡಾದಿಡ್ಡಿ ಹೋಗ್ತಿದ್ದ ಗೆರೆ ಸಮಸಮ ಅಂತರ ಇಟ್ಕೊಂಡು ಓಡೋಕೆ ಶುರುವಾಯ್ತು. ದಿನಾ ನೋಡೋ ಗೆರೇನೇ ಅದು. ಆದ್ರೂ ಸ್ಟೂಲ್ ಎಳ್ಕೊಂಡು ಕೂತು ನೋಡಿದೆ.

ಟ್ಯೂಬ್ ತೆಗೆದ ಮೇಲೆ ಹೊರಗೆ ಬಂದೆ. ಬಾಗಿಲ ಹತ್ತಿರ ಜೀಶಾನ್ ನಿಂತಿದ್ರು. ನನ್ನ ನೋಡಿ ಹೌಹಾರಿದ್ರು.

"ಅಮ್ಮಿ?" ಅಂದ್ರು.

"ಚೆನ್ನಾಗಿದ್ದಾರೆ. ಲಯಕ್ಕೆ ಬಂದಿದೆ" ಅಂದೆ.

ಅಲ್ಲೇ ಬೆಂಚಿನ ಮೇಲೆ ಕೂತು ಅತ್ರು. ಸ್ವಲ್ಪ ಹೊತ್ತಾದ ಮೇಲೆ ಮುಖ ಎತ್ತದೆ, "ಆ ಫೋನ್ ಎತ್ತಿದ್ದು ನಾನೇ" ಅಂದ್ರು.

"ಗೊತ್ತು."

"ನೀನು ಒಂದ್ಸಲ ಹೋದ್ರೆ ವಾಪಸ್ ಬರಲ್ಲ ಅಂತ ಭಯ ಆಯ್ತು."

"ಭಯ ಅಂತ ಆವತ್ತೇ ಹೇಳಿದ್ರೆ ಕೂತು ಮಾತಾಡ್ತಿದ್ವಿ ಜೀಶಾನ್. ಹೇಳದೆ ಇದ್ದದ್ದಕ್ಕೆ ಹೋದೆ."

ತಲೆ ಅಲ್ಲಾಡಿಸಿದ್ರು. ಮಾಫ್ ಮಾಡು ಅಂದ್ರು. ಕ್ಯಾಂಟೀನಿಂದ ಟೀ ತಂದ್ಕೊಟ್ರು, ಕುಡಿದೆ. ಸಕ್ಕರೆ ಜಾಸ್ತಿ ಆಗಿತ್ತು.

ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ನಾನು ಆ ಮನೆಗೆ ಸೊಸೆಯಾಗಿ ವಾಪಸ್ ಬರಲ್ಲ, ಯಾರೂ ಆ ಆಸೆ ಇಟ್ಕೋಬೇಡಿ. ಆದ್ರೆ ನಿಮಗೆ ಬರೀತೀನಿ. ನನ್ನ ನಂಬರ್ ಈ ಕಾಗದದ ಹಿಂದಿದೆ. ಏನಾದ್ರೂ ಆದ್ರೆ ತಕ್ಷಣ ಫೋನ್ ಮಾಡಿ.

ನಿಮಗೆ ಏನಾದ್ರೂ ನೆನಪಿದೆಯಾ? ಒಳಗೆ ಏನಾದ್ರೂ ಕೇಳಿಸ್ತಾ? ಅದೊಂದು ಬರೀರಿ.

ರಿಮ್ಶಾ


ಶಿವಾಜಿನಗರ
15 ಸೆಪ್ಟೆಂಬರ್ 2024

ರಿಮ್ಶಾ ಬೇಟಾ,

ಏನೂ ಇಲ್ಲ! ಏನೇನೂ ಇಲ್ಲ. ಬಿಸ್ಮಿಲ್ಲಾ ಅಂದದ್ದು ನೆನಪಿದೆ. ಅದಾದ ಮೇಲೆ ಒಬ್ಬಳು ನರ್ಸು ಪ್ರಿಯಾ ಅಂತ, "ಅಮ್ಮಾ, ಕಣ್ಣು ಬಿಡಿ" ಅಂದದ್ದು. ನಡುವೆ ಒಂದು ಗೆರೆ ಕೂಡ ಇಲ್ಲ, ಒರೆಸಿಟ್ಟ ಹಲಗೆ. ನಾನು ಪ್ರಿಯಾಳನ್ನು "ಯಾವಾಗ ಶುರುಮಾಡ್ತೀರಿ?" ಅಂತ ಕೇಳಿದೆ. "ಮುಗಿದು ಅರ್ಧ ಗಂಟೆ ಆಯ್ತು" ಅಂದಳು. ಗಂಟಲು ಉರಿಯುತ್ತಿದ್ದರೂ ನಕ್ಕೆ. ಹದಿನೈದು ವರ್ಷ ಹೊತ್ತುಕೊಂಡಿದ್ದ ಭಯ ಅಷ್ಟು ಸುಲಭದಲ್ಲಿ ಇಳಿಯಿತು.

ನೀನು ಅಲ್ಲಿದ್ದೆ ಅಂತ ಓದಿದ ಮೇಲೆ ಕಾಗದ ಮಡಿಸಿ ಕುರ್‌ಆನಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಅದಕ್ಕೆ ಉತ್ತರವಾಗಿ ಬರೆಯಲು ನನಗೆ ಪದ ಬರುತ್ತಿಲ್ಲ. ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳಿಗೆ!

ನಡುವೆ ಒಂದು ಹೆದರಿಕೆ. ಮೂರನೇ ವಾರ ಎದೆ ಮತ್ತೆ ಅಡ್ಡಾದಿಡ್ಡಿ ಹೊಡೆಯಿತು, ಎರಡು ಗಂಟೆ ಹೊತ್ತು. ನಿನಗೆ ಫೋನ್ ಮಾಡಿದಾಗ ನೀನು ಆಪರೇಷನ್ನಿನಲ್ಲಿದ್ದೆ. ಜೀಶಾನ್ ಕರೆದುಕೊಂಡು ಓಡಿದ. ಮೊದಲ ಮೂರು ತಿಂಗಳು ಹೀಗೆ ಆಗಾಗ ಬರಬಹುದು, ಸುಟ್ಟ ಜಾಗ ಮಾಯಬೇಕಲ್ಲ ಅಂದರು ಡಾಕ್ಟರು. ಅದಾಗಿ ಮತ್ತೆ ಬಂದಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟದಿರಲಿ ಅಂತ ರಾತ್ರಿ ಮುಖಕ್ಕೆ ಗಾಳಿಯ ಮೆಷಿನ್ ಕಟ್ಟಿಕೊಂಡು ಮಲಗುತ್ತೇನೆ. ಕನ್ನಡಿಯಲ್ಲಿ ನೋಡಿಕೊಂಡರೆ ವಿಮಾನಪುರದಿಂದ ಹಾರಲು ಹೊರಟ ಯುದ್ಧವಿಮಾನದ ಪೈಲಟ್ ಥರ ಕಾಣುತ್ತೇನೆ. ಆದರೆ ಬೆಳಿಗ್ಗೆ ತಲೆ ಹಗುರ.

ವಾಪಸ್ ಬರುವುದಿಲ್ಲ ಅಂದಿದ್ದೀಯ. ನಾನು ಕೇಳುವುದಿಲ್ಲ, ಮಾತು ಕೊಟ್ಟೆ.

ನಿನ್ನ,
ಅಮ್ಮಿ


ಕೋಲಾರ
2 ಡಿಸೆಂಬರ್ 2024

ಅಮ್ಮಿ,

ಮೂರು ತಿಂಗಳ ರಿಪೋರ್ಟ್ ಚೆನ್ನಾಗಿದೆ ಅಂತ ಫೋನಲ್ಲಿ ಹೇಳಿದಾಗ ನಾನು ಸರಿಯಾಗಿ ಖುಷಿ ಪಡಲಿಲ್ಲ, ಪಕ್ಕದಲ್ಲಿ ಜನ ಇದ್ರು. ಈಗ ಪಡ್ತಿದ್ದೀನಿ.

ಒಂದು ಸುದ್ದಿ. ಜನವರಿಯಿಂದ ಹಳೇ ಮದ್ರಾಸ್ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಹೃದಯದ ಅರಿವಳಿಕೆ ವಿಭಾಗ. ಚೆನ್ನೈಯಲ್ಲಿ ಕಲೀಬೇಕಾಗಿದ್ದನ್ನ ಅಲ್ಲೇ ಕೆಲಸ ಮಾಡ್ತಾ ಕಲಿಸ್ತಾರಂತೆ.

ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಮನೆ ಇಷ್ಟ ಆಗಿದೆ. ಮನೆಯವರು ಪಿಳ್ಳಮ್ಮ ಅಂತ, ಹಳೇ ಹಲಸೂರಿನವರು. ನನ್ನ ಕೆಳಗಿನಿಂದ ಮೇಲಿನವರೆಗೆ ನೋಡಿ "ಡಾಕ್ಟ್ರು ಸರಿ, ಒಂಟಿ ಹೆಂಗಸು. ದೊಡ್ಡೋರು ಯಾರಾದ್ರೂ ಬಂದು ಒಂದು ಮಾತು ಹೇಳ್ಲಿ, ಆಮೇಲೆ ಬೀಗದಕೈ" ಅಂದ್ರು. ಅಬ್ಬಾಗೆ ಮೊಣಕಾಲು ನೋವು, ಬಸ್ಸು ಹತ್ತೋಕಾಗಲ್ಲ. ಖಾಲಾ ಉಮ್ರಾಗೆ ಅಂತ ಮಕ್ಕಾಗೆ ಹೋಗಿದ್ದಾರೆ. ನನಗೆ ಈ ವಾರ ಪೂರ್ತಿ ಡ್ಯೂಟಿ.

ನೀವು ಹೋಗಿ ಬರ್ತೀರಾ? ಫೋನಲ್ಲಿ ಕೇಳಬಹುದಿತ್ತು. ಫೋನಲ್ಲಾದ್ರೆ ಇಲ್ಲ ಅನ್ನೋಕೆ ನಿಮಗೆ ಕಷ್ಟ. ಕಾಗದದಲ್ಲಿ ಸುಲಭವಾಗಿ ಬೇಡ ಅನ್ನಬಹುದು. ಏನು ಸಂಬಂಧ ಅಂತ ಅವರು ಕೇಳೇ ಕೇಳ್ತಾರೆ. ಏನು ಹೇಳ್ತೀರೋ ನಿಮಗೆ ಬಿಟ್ಟಿದ್ದು. ದೂರದ ಬಂಧು ಅಂದ್ರೂ ಆಗುತ್ತೆ.

ರಿಮ್ಶಾ


ಶಿವಾಜಿನಗರ
9 ಡಿಸೆಂಬರ್ 2024

ರಿಮ್ಶಾ ಬೇಟಾ,

ಹೋಗಿ ಬಂದೆ. ಇವತ್ತು ಬೆಳಿಗ್ಗೆ ಜೀಶಾನ್ ಸ್ಕೂಟರಿನಲ್ಲಿ ಹಲಸೂರಿನ ತನಕ ಬಿಟ್ಟ. ಒಳಗೆ ಬರಲಾ ಅಂದ, ಬೇಡ, ಅಂಗಡಿಗೆ ಹೋಗು ಅಂದೆ. ಮಹಡಿಗೆ ಹದಿನೆಂಟು ಮೆಟ್ಟಿಲು. ಒಂದೇ ಉಸಿರಿಗೆ ಹತ್ತಿದೆ, ಎಲ್ಲೂ ಕೂರಲಿಲ್ಲ. ಅಡಿಗೆಮನೆಗೆ ಬೆಳಕು ಚೆನ್ನಾಗಿದೆ. ಬಚ್ಚಲ ಬಾಗಿಲ ಚಿಲಕ ಸಡಿಲ, ಹಾಕಿಸಿಕೊಡಿ ಅಂದಿದ್ದೇನೆ.

ಆಮೇಲೆ ಕೆಳಗೆ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು ಪಿಳ್ಳಮ್ಮ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅವರ ಅಜ್ಜನ ಕಾಲಕ್ಕೆ ಕೆರೆಯ ಬದಿಯಲ್ಲಿ ಹೂವಿನ ತೋಟ ಇತ್ತಂತೆ, ಅದನ್ನೆಲ್ಲ ಹೇಳಿದರು. ಹೇಳಿ ಮುಗಿಸಿ ನೇರವಾಗಿ ಕೇಳಿದರು:

"ಸರಿ, ಆ ಹುಡುಗಿ ನಿಮಗೇನಾಗ್ಬೇಕು?"

ದೂರದ ಬಂಧು ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿದೆ.

"ನನ್ನ ಮಗನ ಹೆಂಡತಿಯಾಗಿದ್ದಳು. ಈಗಲ್ಲ. ಬಿಟ್ಟು ಹೋದಳು" ಅಂದೆ.

ಅವರು ಕಾಫಿ ಲೋಟ ಕೆಳಗಿಟ್ಟರು. "ಬಿಟ್ಟೋದ್ಲಾ? ತಪ್ಪು ಯಾರ್ದು?"

"ನನ್ನ ಮಗಂದು. ಅದಕ್ಕಿಂತ ಜಾಸ್ತಿ ನಂದು. ಅವಳು ನಿಜ ಹೇಳಿದಳು, ನಾವು ಸುಳ್ಳು ಹೇಳಿದ್ವಿ."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ನಾನು ಕೆಲಸ ಕೆಡಿಸಿಬಿಟ್ಟೆ, ಮನೆ ಕೈತಪ್ಪಿತು ಅಂತ ಅಂದುಕೊಂಡೆ. ಕೈ ತಾನಾಗಿ ಮಣಿಕಟ್ಟಿಗೆ ಹೋಗಿ ನಾಡಿ ನೋಡಿತು. ಸಮವಾಗಿ ಹೊಡೆಯುತ್ತಿತ್ತು.

ಪಿಳ್ಳಮ್ಮ ಜೋರಾಗಿ ನಕ್ಕರು. "ಅಲ್ಲ ಕಣಮ್ಮ, ಅರವತ್ತೆಂಟು ವರ್ಸ ಆಯ್ತು ನಂಗೆ. ಸೊಸೆ ಒಳ್ಳೇವ್ಳು ಅಂತ ಮನೇಲಿರೋ ಸೊಸೆ ಬಗ್ಗೆನೇ ಒಬ್ಬ ಅತ್ತೆ ಹೇಳಿದ್ದು ನಾ ಕಂಡಿಲ್ಲ. ನೀವು ಬಿಟ್ಟೋದೋಳಿಗೋಸ್ಕರ ಶಿವಾಜಿನಗರದಿಂದ ಬಂದು ಹೇಳ್ತಿದ್ದೀರಿ! ಇದಕ್ಕಿಂತ ದೊಡ್ಡ ಮಾತು ನಂಗೆ ಯಾರು ಹೇಳ್ಬೇಕು?"

ಮಾಂಸದ ಅಡಿಗೆ ಮಾಡಬಹುದಾ ಅಂತ ನಾನೇ ಕೇಳಿಬಿಟ್ಟೆ, ಆಮೇಲೆ ತಕರಾರು ಬೇಡ ಅಂತ. "ನಾವೇನು ಪುಳಿಚಾರಿನೋರಾ? ಬಿರಿಯಾನಿ ಮಾಡಿದ್ ದಿನ ಕೆಳಗೂ ಒಂದು ಬಟ್ಟಲು ಬರ್ಲಿ" ಅಂದರು.

ಒಳಗೆ ಹೋಗಿ, ದೇವರ ಪಟದ ಹಿಂದಿಂದ ಬೀಗದಕೈ ತಂದು ನನ್ನ ಅಂಗೈಯಲ್ಲಿಟ್ಟರು. ಎರಡು ಇವೆ. ಒಂದು ನೀನು ಬಂದು ತಗೊಂಡು ಹೋಗು. ಇನ್ನೊಂದು ನನ್ನ ಹತ್ತಿರ ಇರಬಹುದಾ? ಬೇಡವಾದರೆ ಬೇಡ ಅಂತ ಕಾಗದದಲ್ಲಿ ಬರೆ, ಸುಲಭ.

ನಿನ್ನ,
ಅಮ್ಮಿ